ಟುಮೆನ್ ದಾಟಿ ಬಂದ ನೆನಪು

ಉತ್ತರ ಕೊರಿಯಾಕ್ಕೂ ಚೀನಾಕ್ಕೂ ನಡುವೆ ಹರಿಯುವ ನದಿಗಳು ಎರಡು. ಎರಡೂ ಪೆಕ್ಟು ಪರ್ವತದ ಆಸುಪಾಸಿನಲ್ಲಿ ಹುಟ್ಟುತ್ತವೆ. ಯಾಲು ಪಶ್ಚಿಮದ ಸಮುದ್ರಕ್ಕೆ ಸೇರುತ್ತದೆ, ಟುಮೆನ್ ಪೂರ್ವದ ಸಮುದ್ರಕ್ಕೆ. ಟುಮೆನ್ ಅಷ್ಟೇನೂ ದೊಡ್ಡ ಹೊಳೆಯಲ್ಲ. ಮೇಲ್ಭಾಗದ ಕೆಲವು ಕಡೆ ಈ ದಡದಿಂದ ಕಲ್ಲೆಸೆದರೆ ಆ ದಡದಲ್ಲಿ ಬೀಳುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಾಲುದಾರಿಯಾಗುತ್ತದೆ. ದಕ್ಷಿಣ ಕೊರಿಯಾಕ್ಕೆ ಹೋಗಬೇಕೆಂದು ಹೊರಟವರೂ ಮೊದಲು ಉತ್ತರಕ್ಕೆ ನಡೆದು ಈ ನದಿಗಳನ್ನೇ ದಾಟುತ್ತಾರೆ. ಕಾರಣ, ದಕ್ಷಿಣದ ಗಡಿಯ ಉದ್ದಕ್ಕೂ ನಾಲ್ಕು ಕಿಲೋಮೀಟರ್ ಅಗಲದ ಸೇನಾರಹಿತ ವಲಯವಿದೆ. ಹೆಸರಿಗೆ ಸೇನಾರಹಿತ, ನೆಲದಡಿ ಸಿಡಿಗುಂಡುಗಳು, ಎರಡು ಅಂಚಿನಲ್ಲೂ ಸೈನ್ಯ. ಹೀಗೆ ಸುತ್ತಿ ಬಳಸಿ ಸೋಲ್ ನಗರ ತಲುಪಿದವರ ಸಂಖ್ಯೆ 34,000 ದಾಟಿದೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಇವರೊಳಗೆ ತಮ್ಮ ಬದುಕನ್ನು ಪುಸ್ತಕವಾಗಿ ಬರೆದವರು ಬಹಳ ಕಡಿಮೆ. ಆದರೂ ಉತ್ತರ ಕೊರಿಯಾದ ಮನೆ, ಶಾಲೆ, ಸಂತೆ, ಸೆರೆಶಿಬಿರಗಳ ಬಗ್ಗೆ ಹೊರಜಗತ್ತಿಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಆ ಕೆಲವರ ಬರಹದಿಂದ, ಉಳಿದವರು ಕೊಟ್ಟ ಹೇಳಿಕೆಗಳಿಂದ.

ಈ ಬರಹಗಳಿಗೆ ಒಂದು ವಿಶೇಷವಿದೆ. ನಾಜಿ ಜರ್ಮನಿ ಸೋತಾಗ ಅದರ ಕಡತಗಳು ಗೆದ್ದವರ ಕೈಗೆ ಸಿಕ್ಕವು. ಸೋವಿಯತ್ ಒಕ್ಕೂಟದಲ್ಲಿ ಕೈಬರಹದ, ಬೆರಳಚ್ಚಿನ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಹೋಗುತ್ತಿದ್ದವು. ಉತ್ತರ ಕೊರಿಯಾದ ವಿಷಯದಲ್ಲಿ ಇವೆರಡೂ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಕಡತಗಳು ಇನ್ನೂ ಅಲ್ಲಿಯೇ ಇವೆ. ನದಿ ದಾಟುವವನು ಪತ್ರವನ್ನೋ ದಿನಚರಿಯನ್ನೋ ಜೇಬಿನಲ್ಲಿಟ್ಟುಕೊಂಡು ಹೊರಡುವಂತಿಲ್ಲ. ಸಿಕ್ಕಿಬಿದ್ದರೆ ಆ ಕಾಗದವೇ ಅವನ ಮನೆಯವರ ಕುತ್ತಿಗೆಗೆ ಉರುಳು. ಹಾಗಾಗಿ ಬೇರೆ ಕಡೆ ಕಾಗದ ಮಾಡುವ ಕೆಲಸವನ್ನು ಇಲ್ಲಿ ನೆನಪು ಒಂದೇ ಮಾಡಬೇಕಾಗಿದೆ. ಈ ಪುಸ್ತಕಗಳ ಬಲವೂ ಅವುಗಳ ಕಷ್ಟವೂ ಇದೇ.

ಉತ್ತರ ಕೊರಿಯಾ ಪ್ರತ್ಯೇಕ ರಾಜ್ಯವಾದದ್ದು 1948ರಲ್ಲಿ. ಕಿಮ್ ಇಲ್ ಸುಂಗ್, 1994ರಿಂದ ಅವನ ಮಗ ಕಿಮ್ ಜಾಂಗ್ ಇಲ್, 2011ರ ಕೊನೆಯಿಂದ ಮೊಮ್ಮಗ ಕಿಮ್ ಜಾಂಗ್ ಉನ್: ಅಧಿಕಾರ ಒಂದೇ ಮನೆತನದಲ್ಲಿ ಉಳಿದಿದೆ. ಅಲ್ಲಿ ಹುಟ್ಟಿದ ಪ್ರತಿ ಮಗುವಿಗೂ ‘ಸೊಂಗ್‌ಬುನ್’ ಎಂಬ ದರ್ಜೆ ಇರುತ್ತದೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ, ಆಮೇಲೆ ಕೊರಿಯಾ ಯುದ್ಧದಲ್ಲಿ ಅಜ್ಜ ಯಾರ ಕಡೆ ಇದ್ದ, ಅವನು ಗೇಣಿದಾರನೋ ಜಮೀನ್ದಾರನೋ ಎಂಬುದರ ಮೇಲೆ ಮನೆತನಗಳನ್ನು ನಿಷ್ಠರು, ಓಲಾಡುವವರು, ಹಗೆಗಳು ಎಂದು ಮೂರಾಗಿ ವಿಂಗಡಿಸಲಾಗಿದೆ. ವಾಸದ ಊರು, ಓದು, ಉದ್ಯೋಗ, ಮದುವೆ ಎಲ್ಲಕ್ಕೂ ಈ ದರ್ಜೆ ತಾಗುತ್ತದೆ. ಜನ್ಮದಿಂದಲೇ ಅಂಟುವ ಮೇಲುಕೀಳಿನ ಪರಿಚಯ ಚೆನ್ನಾಗಿಯೇ ಇರುವ ಭಾರತದ ಓದುಗರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ. ಇಪ್ಪತ್ತರಿಂದ ನಲವತ್ತು ಮನೆಗಳಿಗೊಂದು ‘ಇನ್‌ಮಿನ್‌ಬಾನ್’ ಎಂಬ ನೆರೆಹೊರೆಯ ಕೂಟ. ಅದಕ್ಕೊಬ್ಬ ಮುಖ್ಯಸ್ಥೆ, ಸಾಮಾನ್ಯವಾಗಿ ನಡುವಯಸ್ಸಿನ ಹೆಂಗಸು. ಯಾರ ಮನೆಗೆ ಯಾರು ಬಂದರು, ರಾತ್ರಿ ಯಾರು ಉಳಿದರು, ಯಾರ ಕೈಯಲ್ಲಿ ಇದ್ದಕ್ಕಿದ್ದಂತೆ ಹಣ ಓಡಾಡುತ್ತಿದೆ ಎಂಬುದನ್ನು ಗಮನಿಸಿ ಮೇಲಿನವರಿಗೆ ತಿಳಿಸುವುದು ಆಕೆಯ ಕೆಲಸ.

ಬಾನುಲಿಯೂ ಈ ಕಾವಲಿನ ಒಂದು ಭಾಗ. ಅಂಗಡಿಯಲ್ಲಿ ಸಿಗುವ ರೇಡಿಯೊ ಸರ್ಕಾರಿ ಕೇಂದ್ರಕ್ಕೆ ಮಾತ್ರ ಹೊಂದಿಸಿದ್ದು. ಅದನ್ನು ಬಿಚ್ಚಿ ಮುಳ್ಳು ತಿರುಗಿಸುವಂತೆ ಮಾಡಿಕೊಳ್ಳುವುದು ಅಪರಾಧ. ಇದರ ಜೊತೆಗೆ ಮನೆಮನೆಗೆ ತಂತಿಯಲ್ಲಿ ಬರುವ ಇನ್ನೊಂದು ಪ್ರಸಾರವಿದೆ. ಅದು ಗೋಡೆಯ ಮೇಲಿನ ಧ್ವನಿಪೆಟ್ಟಿಗೆಯಿಂದ ಕೇಳಿಸುತ್ತದೆ. ತಂತಿಯ ಮಾತು ಹೊರದೇಶದವರ ಕಿವಿಗೆ ಬೀಳುವುದಿಲ್ಲವಾದ್ದರಿಂದ ಆಂತರಿಕ ಎಚ್ಚರಿಕೆಗಳನ್ನೆಲ್ಲ ಅದರಲ್ಲೇ ಕೊಡುತ್ತಾರೆ. ಪ್ರತಿ ಮನೆಯ ಗೋಡೆಯ ಮೇಲೆ ನಾಯಕರ ಭಾವಚಿತ್ರಗಳಿರಬೇಕು, ಅವುಗಳ ಮೇಲೆ ದೂಳು ಕೂರಬಾರದು. ಹ್ಯೊನ್‌ಸೊ ಲೀ 2015ರಲ್ಲಿ ಪ್ರಕಟಿಸಿದ ‘ದಿ ಗರ್ಲ್ ವಿತ್ ಸೆವೆನ್ ನೇಮ್ಸ್’ ಎಂಬ ಆತ್ಮಕಥೆ ಒಂದು ಬೆಂಕಿ ಅನಾಹುತದಿಂದ ಆರಂಭವಾಗುತ್ತದೆ. ಮನೆ ಹೊತ್ತಿ ಉರಿಯುವಾಗ ತಂದೆ ಮತ್ತೆ ಒಳಗೆ ನುಗ್ಗುತ್ತಾನೆ. ಅವನು ಹೊರತಂದದ್ದು ಆ ಭಾವಚಿತ್ರಗಳನ್ನು. ಸೊಂಗ್‌ಬುನ್ ಬಗ್ಗೆ ಹತ್ತು ಪುಟ ವಿವರಿಸಿದರೂ ತಿಳಿಯದ ಭಯ ಈ ಒಂದು ಪ್ರಸಂಗದಲ್ಲಿ ತಿಳಿದುಬಿಡುತ್ತದೆ. ಒಳ್ಳೆಯ ಆತ್ಮಕಥನಗಳು ಇಂಥ ಕಡೆಗಳಲ್ಲೇ ಬೇರೆ ವರದಿಗಳಿಗಿಂತ ಮುಂದೆ ನಿಲ್ಲುತ್ತವೆ.

ಹಿಂತಿರುಗಲು ಒಪ್ಪದ ಉತ್ತರ ಕೊರಿಯನ್ನರ ಕಥೆ ಕ್ಷಾಮಕ್ಕಿಂತ, ಸೆರೆಶಿಬಿರಗಳ ಸುದ್ದಿಗಿಂತ ಹಳೆಯದು. ಅದರ ಮೊದಲ ಅಧ್ಯಾಯದಲ್ಲಿ ಕೊಡಗಿನವರೊಬ್ಬರಿದ್ದಾರೆ. 1953ರ ಜುಲೈನಲ್ಲಿ ಕೊರಿಯಾ ಯುದ್ಧಕ್ಕೆ ಕದನವಿರಾಮ ಬಿದ್ದಾಗ, ವಿಶ್ವಸಂಸ್ಥೆಯ ಸೇನೆಯ ವಶದಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯನ್ ಯುದ್ಧಕೈದಿಗಳು ತಾಯ್ನಾಡಿಗೆ ಹೋಗುವುದಿಲ್ಲ ಎಂದರು. ಚೀನಾ, ಉತ್ತರ ಕೊರಿಯಾಗಳ ವಶದಲ್ಲಿದ್ದ ಕೈದಿಗಳಲ್ಲಿ ಹಾಗೆಂದವರು 359. ಇವರನ್ನೆಲ್ಲ ಕಾಯುವ, ಒಬ್ಬೊಬ್ಬರ ಇಚ್ಛೆಯನ್ನೂ ವಿಚಾರಿಸುವ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರಾದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಕಾವಲು ಪಡೆ ಮೇಜರ್ ಜನರಲ್ ಥೋರಟ್ ಅವರ ಮುಂದಾಳತನದಲ್ಲಿ ಸೇನಾರಹಿತ ವಲಯದಲ್ಲೇ ಗುಡಾರ ಹಾಕಿ ಕೆಲವು ತಿಂಗಳು ಇತ್ತು. ಕೈದಿಗಳನ್ನು ಒಬ್ಬೊಬ್ಬರಾಗಿ ಗುಡಾರದೊಳಗೆ ಕರೆತಂದು ಅವರವರ ದೇಶದ ಅಧಿಕಾರಿಗಳು ಮನವೊಲಿಸಲು ನೋಡುತ್ತಿದ್ದರು; ಬಹುಪಾಲು ಮಂದಿ ಕಿವಿಗೊಡಲಿಲ್ಲ. ಒಳಗೆ ಕೈದಿಗಳದೇ ಗುಂಪುಗಳು ಹಿಂತಿರುಗಬೇಕೆನ್ನುವವರನ್ನು ಹೆದರಿಸುತ್ತಿದ್ದದ್ದೂ ನಿಜ. ಮನುಷ್ಯನೊಬ್ಬನ ಇಚ್ಛೆ ಅವನದೇ ಹೌದೇ ಎಂದು ತಿಳಿಯುವುದು ಎಷ್ಟು ಕಷ್ಟ ಎಂಬುದನ್ನು ತಿಮ್ಮಯ್ಯ ಅಲ್ಲಿ ಹತ್ತಿರದಿಂದ ಕಂಡರು. ಆ ಅನುಭವವನ್ನು ಅವರು ಬರೆದಿಟ್ಟಿದ್ದ ಪುಸ್ತಕ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1981ರಲ್ಲಿ ಅಚ್ಚಾಯಿತು. ಕೊನೆಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ, ತಟಸ್ಥ ದೇಶವೇ ಆಗಲಿ ಎಂದ 88 ಮಂದಿ 1954ರ ಫೆಬ್ರವರಿಯಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ದಕ್ಷಿಣ ಕೊರಿಯಾದ ಚೊಯ್ ಇನ್‌ಹುನ್ 1960ರಲ್ಲಿ ಬರೆದ ‘ಚೌಕ’ ಎಂಬ ಅರ್ಥದ ಹೆಸರಿನ ಕಾದಂಬರಿ ಇಂಥದೇ ಹಡಗಿನಲ್ಲಿ ಭಾರತದತ್ತ ಹೊರಟ ಕೈದಿಯೊಬ್ಬನ ಕಥೆ. ಆ ದೇಶದ ಆಧುನಿಕ ಸಾಹಿತ್ಯದಲ್ಲಿ ಅದರ ಸ್ಥಾನ ದೊಡ್ಡದು.

ಸೆರೆಯ ಒಳಗಿನ ಮೊದಲ ವಿವರ ಕೊರಿಯನ್ನರಲ್ಲದವರಿಂದ ಬಂತು. ವೆನಿಜುವೆಲಾದ ಕವಿ, ಕಮ್ಯುನಿಸ್ಟ್ ಪಕ್ಷದ ಸದಸ್ಯ ಆಲಿ ಲಮೇಡಾ ಅನುವಾದಕನಾಗಿ ಪ್ಯೊಂಗ್ಯಾಂಗ್‌ಗೆ ಹೋಗಿದ್ದವನು. 1967ರಲ್ಲಿ ಅವನನ್ನು ಬಂಧಿಸಿದರು, 1974ರಲ್ಲಿ ಬಿಟ್ಟರು. ಅವನ ಹೇಳಿಕೆಯನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 1979ರಲ್ಲಿ ಪ್ರಕಟಿಸಿತು. ಆಗ ಅದನ್ನು ಓದಿದವರು ಕಡಿಮೆ.

ಆಮೇಲಿನ ಆತ್ಮಕಥನಗಳಲ್ಲಿ ಎರಡು ಪುಸ್ತಕಗಳು ಜಪಾನಿನಿಂದ ಹೋದವರ ಕಥೆಗಳು. ಅವುಗಳನ್ನು ಜೊತೆಯಾಗಿ ಓದಬೇಕು. 1959ರ ಡಿಸೆಂಬರಿನಲ್ಲಿ ಜಪಾನಿನ ನಿಗಾಟ ಬಂದರಿನಿಂದ ಮೊದಲ ಹಡಗು ಹೊರಟಿತು. 1984ರ ಹೊತ್ತಿಗೆ 93,000ಕ್ಕೂ ಹೆಚ್ಚು ಮಂದಿ ಹೀಗೆ ಉತ್ತರ ಕೊರಿಯಾಕ್ಕೆ ಹೋದರು. ಅವರಲ್ಲಿ ಹೆಚ್ಚಿನವರ ಮೂಲ ಊರು ಇದ್ದದ್ದು ದಕ್ಷಿಣದಲ್ಲಿ. ಉತ್ತರವನ್ನು ಅವರು ಕಂಡೇ ಇರಲಿಲ್ಲ. ಜಪಾನಿನಲ್ಲಿ ಕೊರಿಯನ್ನರಿಗೆ ಕೆಲಸವಿಲ್ಲ, ಮರ್ಯಾದೆಯಿಲ್ಲ. ಅತ್ತ ಕಡೆ ಮನೆ, ಓದು, ವೈದ್ಯ ಎಲ್ಲ ಉಚಿತ, ಅದು ಭೂಮಿಯ ಮೇಲಿನ ಸ್ವರ್ಗ ಎಂಬ ಪ್ರಚಾರ. ಜಪಾನ್ ಸರ್ಕಾರಕ್ಕೆ ಬಡ ಅಲ್ಪಸಂಖ್ಯಾತರು ದೇಶ ಬಿಟ್ಟು ಹೋದರೆ ಸಾಕಿತ್ತು, ರೆಡ್ ಕ್ರಾಸ್ ನಡುವೆ ನಿಂತು ವ್ಯವಸ್ಥೆ ಮಾಡಿತು. ಮಸಾಜಿ ಇಶಿಕಾವ 1960ರಲ್ಲಿ ಹದಿಮೂರರ ಹುಡುಗನಾಗಿ ಕೊರಿಯನ್ ತಂದೆ, ಜಪಾನಿ ತಾಯಿಯ ಜೊತೆ ಹಡಗು ಹತ್ತಿದವನು. ಅಲ್ಲಿ ಮೂವತ್ತಾರು ವರ್ಷ ಹಗೆಯ ದರ್ಜೆಯಲ್ಲಿ ಬದುಕಿ, 1996ರಲ್ಲಿ ನದಿ ದಾಟಿ ಜಪಾನಿಗೆ ಮರಳಿದ. 2000ದಲ್ಲಿ ಜಪಾನಿ ಭಾಷೆಯಲ್ಲಿ ಬಂದ ಅವನ ಪುಸ್ತಕಕ್ಕೆ ಜಗತ್ತಿನ ಓದುಗರು ಸಿಕ್ಕಿದ್ದು 2017ರ ಇಂಗ್ಲಿಷ್ ಅನುವಾದದಿಂದ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ಹೋದ ಸಂಕಟ ಅದರ ಕೊನೆಯ ಪುಟಗಳಲ್ಲಿ ಹಸಿಯಾಗಿಯೇ ಇದೆ. ತಪ್ಪಿಸಿಕೊಂಡು ಬಂದುದಕ್ಕೆ ಅವನು ಎಲ್ಲಿಯೂ ಹಿಗ್ಗುವುದಿಲ್ಲ.

ಕಾಂಗ್ ಚೊಲ್‌ಹ್ವಾನ್ ಅಂಥದೇ ಕುಟುಂಬದ ಮೊಮ್ಮಗ. ಅವನ ಅಜ್ಜ ಕ್ಯೋಟೊದಲ್ಲಿ ಹಣ ಮಾಡಿದವನು, ಅಜ್ಜಿ ಕಮ್ಯುನಿಸಂ ಅನ್ನು ಮನಸಾರೆ ನಂಬಿದವಳು. ಅಜ್ಜಿಯ ಹಟಕ್ಕೆ ಇಡೀ ಮನೆ ಪ್ಯೊಂಗ್ಯಾಂಗ್‌ಗೆ ಬಂತು. ವೋಲ್ವೊ ಕಾರು ಬಂತು, ಸಾಮಾನು ಸರಂಜಾಮು ಬಂತು. ಕೆಲವು ವರ್ಷ ಸುಖವಾಗಿಯೇ ಇದ್ದರು. 1977ರ ಒಂದು ದಿನ ಅಜ್ಜ ಕೆಲಸದಿಂದ ಮನೆಗೆ ಬರಲಿಲ್ಲ. ದೇಶದ್ರೋಹಿ ಎಂದರು. ಒಬ್ಬ ತಪ್ಪು ಮಾಡಿದರೆ ಮೂರು ತಲೆಮಾರಿಗೆ ಶಿಕ್ಷೆ ಎಂಬುದು ಅಲ್ಲಿನ ನಡಾವಳಿ. ಒಂಬತ್ತು ವರ್ಷದ ಹುಡುಗ, ಅವನಿಗಿಂತ ಚಿಕ್ಕ ತಂಗಿ, ಅಜ್ಜಿ, ತಂದೆ, ಚಿಕ್ಕಪ್ಪ ಎಲ್ಲರನ್ನೂ ಲಾರಿಗೆ ಹತ್ತಿಸಿದರು. ತಾಯಿಯ ತವರು ನಿಷ್ಠರ ಮನೆತನವಾದ್ದರಿಂದ ಆಕೆಗೆ ವಿಚ್ಛೇದನ ಕೊಡಿಸಿ ಊರಲ್ಲೇ ಉಳಿಸಿದರು. ಹುಡುಗನಿಗೆ ಬಣ್ಣದ ಮೀನು ಸಾಕುವ ಗೀಳು. ಅತ್ತು ಕರೆದು ಒಂದು ಗಾಜಿನ ತೊಟ್ಟಿಯನ್ನು ಮೀನುಗಳ ಸಮೇತ ಲಾರಿಯಲ್ಲಿ ಇಟ್ಟುಕೊಂಡ. ಪುಸ್ತಕದ ಹೆಸರು ‘ಪ್ಯೊಂಗ್ಯಾಂಗಿನ ಮೀನುತೊಟ್ಟಿಗಳು’ ಎಂದಾದದ್ದು ಹೀಗೆ. ಮೀನುಗಳು ಹೆಚ್ಚು ದಿನ ಬದುಕಲಿಲ್ಲ. ಯೊಡೊಕ್ ಎಂಬ ಬೆಟ್ಟದ ಕಣಿವೆಯ ಶಿಬಿರದಲ್ಲಿ, ಹದಿನೈದನೆಯ ನಂಬರಿನ ಆ ಸೆರೆಯಲ್ಲಿ, ಹುಡುಗ ಹತ್ತು ವರ್ಷ ಕಳೆದ. ಮುಸುಕಿನ ಜೋಳದ ಪಡಿ ಸಾಲದೆ ಇಲಿ ಹಿಡಿದು ತಿಂದ, ಹೆಣ ಹೂಳಿದ. ಬೆಳಿಗ್ಗೆ ಪಾಠ, ಮಧ್ಯಾಹ್ನ ದುಡಿಮೆ. ಮೇಷ್ಟರ ಸೊಂಟದಲ್ಲಿ ಪಿಸ್ತೂಲು.

ಯೊಡೊಕ್‌ನಲ್ಲಿ ಎರಡು ಭಾಗಗಳಿದ್ದವು. ಒಂದರಲ್ಲಿ ಹಾಕಿದವರು ಎಂದೂ ಹೊರಬರುತ್ತಿರಲಿಲ್ಲ. ಇನ್ನೊಂದರಿಂದ, ಮನಸ್ಸು ‘ಸುಧಾರಿಸಿತು’ ಎಂದು ಕಂಡರೆ, ಬಿಡುಗಡೆಯಿತ್ತು. ಕಾಂಗ್ ಕುಟುಂಬ ಇದ್ದದ್ದು ಎರಡನೆಯದರಲ್ಲಿ. ಆ ಶಿಬಿರದ ಒಳಗನ್ನು ಲೋಕ ತಿಳಿದದ್ದು ಬಿಡುಗಡೆಯ ಬಾಗಿಲಿದ್ದ ಈ ಭಾಗದವರ ಬಾಯಿಂದ. ಇನ್ನೊಂದು ಭಾಗ ಹೆಚ್ಚುಕಡಿಮೆ ಕತ್ತಲಲ್ಲೇ ಉಳಿದಿದೆ. 1987ರಲ್ಲಿ ಹೊರಬಂದ ಕಾಂಗ್‌ನನ್ನು ದೇಶ ಬಿಡಿಸಿದ್ದು ರೇಡಿಯೊ. ಗೆಳೆಯರ ಜೊತೆ ಬಾಗಿಲು ಹಾಕಿಕೊಂಡು ದಕ್ಷಿಣದ ಪ್ರಸಾರ ಕೇಳುತ್ತಿದ್ದ. ಯಾರೋ ಸುಳಿವು ಕೊಟ್ಟರು. ಮತ್ತೆ ಯೊಡೊಕ್‌ಗೆ ಹೋಗಲಾರೆ ಎಂದು 1992ರಲ್ಲಿ ಗಡಿ ದಾಟಿದ. ಚೀನಾದ ದಲಿಯನ್ ಬಂದರಿನಿಂದ ಹಡಗಿನಲ್ಲಿ ದಕ್ಷಿಣಕ್ಕೆ ಬಂದ. ಪಿಯೆರ್ ರಿಗುಲೊ ಜೊತೆಗೂಡಿ ಬರೆದ ಪುಸ್ತಕ 2000ದಲ್ಲಿ ಫ್ರೆಂಚ್ ಭಾಷೆಯಲ್ಲಿ ಬಂತು. ಐದು ವರ್ಷದ ಮೇಲೆ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅದನ್ನು ಓದಿ ಲೇಖಕನನ್ನು ಶ್ವೇತಭವನಕ್ಕೆ ಕರೆಸಿಕೊಂಡಾಗ ಅದು ಎಲ್ಲೆಡೆ ಹೆಸರಾಯಿತು.

1990ರ ದಶಕದ ಮಧ್ಯದವರೆಗೆ ತಪ್ಪಿಸಿಕೊಂಡು ಬರುತ್ತಿದ್ದವರು ವರ್ಷಕ್ಕೆ ಕೆಲವೇ ಮಂದಿ. ಜನ ಸಾಲಾಗಿ ನದಿಯತ್ತ ಹೊರಟದ್ದು ಹಸಿವಿನಿಂದ. ಸೋವಿಯತ್ ಒಕ್ಕೂಟ ಒಡೆದಾಗ ಅಗ್ಗದ ಎಣ್ಣೆ, ಗೊಬ್ಬರ ನಿಂತವು. 1995ರ ನೆರೆ ಬೆಳೆಯನ್ನು ಕೊಚ್ಚಿತು. ಪಡಿತರ ವ್ಯವಸ್ಥೆ ಕುಸಿಯಿತು. ಸರ್ಕಾರ ಇದಕ್ಕೆ ‘ಕಷ್ಟದ ನಡಿಗೆ’ ಎಂದು ಹೆಸರಿಟ್ಟಿತು. ಕಿಮ್ ಇಲ್ ಸುಂಗ್‌ನ ಗೆರಿಲ್ಲಾ ದಿನಗಳ ಕಥೆಯಿಂದ ತೆಗೆದ ಹೆಸರು ಅದು. ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ. ಆರು ಲಕ್ಷದಿಂದ ಹತ್ತು ಲಕ್ಷ ಎಂಬ ಅಂದಾಜನ್ನು ಹಲವು ವಿದ್ವಾಂಸರು ಒಪ್ಪುತ್ತಾರೆ. ಕಾರ್ಖಾನೆಗಳ ಊರುಗಳಾದ ಚೊಂಗ್‌ಜಿನ್, ಹಂಹುಂಗ್‌ಗಳಲ್ಲಿ ಹೊಡೆತ ಜೋರಾಗಿತ್ತು. ಏಕೆಂದರೆ ಅಲ್ಲಿನ ಜನಕ್ಕೆ ಹೊಲವಿರಲಿಲ್ಲ, ಪಡಿತರ ಚೀಟಿ ಮಾತ್ರ ಇತ್ತು. ತಂದೆತಾಯಿ ಸತ್ತ ಮಕ್ಕಳು ರೈಲು ನಿಲ್ದಾಣಗಳಲ್ಲಿ, ಸಂತೆಗಳಲ್ಲಿ ಆಯ್ದು ತಿಂದು ಅಲೆಯತೊಡಗಿದರು. ಅವರಿಗೆ ಜನ ‘ಕೊಚ್ಚೆಬಿ’ ಎಂದು ಹೆಸರಿಟ್ಟರು. ಅದು ಅಲೆಮಾರಿ ಬಾನಾಡಿಯೊಂದನ್ನು ನೆನಪಿಸುವ ಮಾತು. ಬಾರ್ಬರಾ ಡೆಮಿಕ್ ಎಂಬ ಅಮೆರಿಕದ ಪತ್ರಕರ್ತೆ ಚೊಂಗ್‌ಜಿನ್‌ನಿಂದ ಬಂದ ಆರು ಜನರ ನೆನಪುಗಳನ್ನು ಹೆಣೆದು 2009ರಲ್ಲಿ ತಂದ ‘ನಥಿಂಗ್ ಟು ಎನ್ವಿ’ ಈ ವರ್ಷಗಳ ಬಗ್ಗೆ ಇರುವ ಅತ್ಯುತ್ತಮ ಪುಸ್ತಕಗಳಲ್ಲೊಂದು. ಆತ್ಮಕಥೆಯಲ್ಲದಿದ್ದರೂ ಆತ್ಮಕಥೆಗಳ ಸಾಲಿನಲ್ಲಿಯೇ ಅದನ್ನು ಇಡಬೇಕು.

ಬಂದವರಲ್ಲಿ ಹೆಂಗಸರೇ ಏಕೆ ಹೆಚ್ಚು ಎಂಬುದಕ್ಕೂ ಕ್ಷಾಮವೇ ಉತ್ತರ. ಸಂಬಳ, ಕೆಲಸ ಎರಡೂ ಇಲ್ಲದಿದ್ದರೂ ಗಂಡಸರು ದಿನಾ ಕಾರ್ಖಾನೆಗೆ ಹೋಗಿ ಹಾಜರಿ ಹಾಕಲೇಬೇಕಿತ್ತು. ಮದುವೆಯಾದ ಹೆಂಗಸರಿಗೆ ಆ ಕಟ್ಟು ಸಡಿಲ. ಅವರು ತೋಫು ಮಾಡಿದರು, ಹಳೆ ಬಟ್ಟೆ ಮಾರಿದರು, ಚೀನಾದ ಸರಕು ತರಿಸಿದರು. ‘ಜಾಂಗ್‌ಮಾದಾಂಗ್’ ಎಂಬ ಬೀದಿ ಸಂತೆಗಳು ಅವರ ದುಡಿಮೆಯಿಂದಲೇ ಎದ್ದವು. ಸಂತೆಗೆಂದು ಊರೂರು ಸುತ್ತುವವಳಿಗೆ ಗಡಿಯ ದಾರಿಯೂ ತಿಳಿಯುತ್ತದೆ. ಇನ್ನೊಂದು ಕಾರಣ ನದಿಯ ಆಚೆಗಿದೆ. ಈಶಾನ್ಯ ಚೀನಾದ ಹಳ್ಳಿಗಳಲ್ಲಿ ಮದುವೆಗೆ ಹೆಣ್ಣು ಸಿಗುತ್ತಿರಲಿಲ್ಲ. ಊಟ, ಕೆಲಸ ಕೊಡಿಸುತ್ತೇವೆಂದು ದಾಟಿಸಿದ ದಲ್ಲಾಳಿಗಳು ಹೆಂಗಸರನ್ನು ಅಲ್ಲಿ ಬೆಲೆ ಕಟ್ಟಿ ಮಾರಿದರು. ಹೆಂಗಸರು ಬರೆದ ಆತ್ಮಕಥನಗಳಲ್ಲಿ ಬರೆಯಲು ಅತಿ ಕಷ್ಟವಾದ, ಕೆಲವೊಮ್ಮೆ ವರ್ಷಗಟ್ಟಲೆ ಬಿಟ್ಟುಬಿಟ್ಟ ಅಧ್ಯಾಯ ಇದೇ.

ಚೀನಾ 1982ರಲ್ಲಿ ನಿರಾಶ್ರಿತರ ಒಡಂಬಡಿಕೆಗೆ ಸೇರಿದೆ. ಆದರೆ ಉತ್ತರ ಕೊರಿಯಾದಿಂದ ಬಂದವರನ್ನು ಅದು ನಿರಾಶ್ರಿತರೆಂದು ಒಪ್ಪುವುದಿಲ್ಲ; ಹೊಟ್ಟೆಪಾಡಿಗೆ ಅಕ್ರಮವಾಗಿ ಬಂದವರು ಎನ್ನುತ್ತದೆ, 1986ರ ಗಡಿ ಒಪ್ಪಂದ ತೋರಿಸಿ ಹಿಂದಕ್ಕೆ ಕಳಿಸುತ್ತದೆ. ಹಿಂದಕ್ಕೆ ಹೋದವರನ್ನು ವಿಚಾರಿಸುವವರ ಮೊದಲ ಪ್ರಶ್ನೆಗಳಲ್ಲಿ ಒಂದು, ದಕ್ಷಿಣದವರನ್ನೋ ಪಾದ್ರಿಗಳನ್ನೋ ಕಂಡಿದ್ದೆಯಾ ಎಂಬುದು. ಹೌದು ಎಂದು ಕಂಡುಬಂದರೆ ಶಿಕ್ಷೆ ಬಹಳ ಘೋರ. ಹೀಗಾಗಿ ನದಿ ದಾಟುವುದು ಕಥೆಯ ಕೊನೆಯಲ್ಲ, ನಡುಭಾಗವೂ ಅಲ್ಲ. ಹ್ಯೊನ್‌ಸೊ ಲೀ ಹ್ಯೆಸಾನ್ ಊರಿನವಳು. ಮನೆಯ ಮುಂದೆಯೇ ಯಾಲು, ಆಚೆ ದಡದಲ್ಲಿ ಚೀನಾದ ಚಾಂಗ್‌ಬೈ ಊರಿನ ದೀಪಗಳು. 1997ರ ಚಳಿಗಾಲದಲ್ಲಿ ಹದಿಹರೆಯದ ಆಕೆ ಮಂಜುಗಡ್ಡೆಯ ಮೇಲೆ ನಡೆದು ಹೋದದ್ದು ನಾಲ್ಕು ದಿನ ನೋಡಿ ಬರೋಣವೆಂದು. ಮರಳಲಾಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಚೀನಾದಲ್ಲಿ ಹೆಸರು ಬದಲಿಸಿಕೊಳ್ಳುತ್ತ, ಚೀನೀಯಳಂತೆ ಮಾತಾಡುತ್ತ ಬದುಕಿದಳು. ಪುಸ್ತಕದ ಹೆಸರಿನಲ್ಲಿರುವ ಏಳು ಹೆಸರುಗಳು ಹಾಗೆ ಕೂಡಿದವು. 2008ರಲ್ಲಿ ಸೋಲ್ ತಲುಪಿದ ಮೇಲೆ ತಾಯಿಯನ್ನೂ ತಮ್ಮನನ್ನೂ ಕರೆತರಲು ಮತ್ತೆ ಗಡಿಗೆ ಹೋಗಿ, ಅವರ ಜೊತೆ ಚೀನಾದ ಉದ್ದಕ್ಕೂ ಪಯಣಿಸಿ ಲಾವೋಸ್ ಮುಟ್ಟಿದಳು.

ಗೋಬಿ ಮರುಭೂಮಿ ದಾಟಿ ಮಂಗೋಲಿಯಾಕ್ಕೆ ಹೋಗುವುದು ಇನ್ನೊಂದು ದಾರಿ. ಅದು ಹತ್ತಿರವಾದರೂ ಚಳಿಗೆ, ದಿಕ್ಕು ತಪ್ಪಿ ಸತ್ತವರಿದ್ದಾರೆ. ಯುನ್ನಾನ್, ಲಾವೋಸ್, ಮೆಕಾಂಗ್ ನದಿ, ಥಾಯ್ಲೆಂಡ್ ಎಂಬ ದಕ್ಷಿಣದ ದಾರಿ ಹಲವು ಸಾವಿರ ಕಿಲೋಮೀಟರ್ ಉದ್ದ. ಥಾಯ್ಲೆಂಡ್ ಹಿಂದಕ್ಕೆ ಕಳಿಸುವುದಿಲ್ಲವಾದ್ದರಿಂದ ಹೆಚ್ಚಿನವರು ಅದನ್ನೇ ಹಿಡಿದರು.

ಮೇಲ್ವರ್ಗದವರ ಬರಹ ಬೇರೆ ಬಗೆಯದು. ‘ಜೂಚೆ’ ಎಂಬ ರಾಜ್ಯಸಿದ್ಧಾಂತವನ್ನು ರೂಪಿಸಿದ ಹ್ವಾಂಗ್ ಜಾಂಗ್‌ಯೊಪ್ 1997ರ ಫೆಬ್ರವರಿಯಲ್ಲಿ ಬೀಜಿಂಗ್‌ನಲ್ಲಿದ್ದ ದಕ್ಷಿಣ ಕೊರಿಯಾದ ಕಚೇರಿಗೆ ನಡೆದುಹೋಗಿ ಆಶ್ರಯ ಕೇಳಿದ. ಹೆಂಡತಿ ಮಕ್ಕಳು ಪ್ಯೊಂಗ್ಯಾಂಗ್‌ನಲ್ಲೇ ಇದ್ದರು. ಅವರಿಗೆ ಏನಾಗಬಹುದೆಂದು ಅವನಿಗೆ ಗೊತ್ತಿತ್ತು. ಜಾಂಗ್ ಜಿನ್‌ಸುಂಗ್ ಆಸ್ಥಾನಕವಿಯಂಥವನು. ದಕ್ಷಿಣದ ವಿರುದ್ಧ ಪ್ರಚಾರ ಮಾಡುವ ಇಲಾಖೆಯಲ್ಲಿ, ದಕ್ಷಿಣದ ಕವಿಯ ಧಾಟಿಯಲ್ಲಿ ಬರೆಯುವುದು ಅವನ ಉದ್ಯೋಗ. ಅದಕ್ಕಾಗಿ ಅವನಿಗೆ ದಕ್ಷಿಣದ ಪುಸ್ತಕ, ಪತ್ರಿಕೆ ಓದಲು ಕೊಡುತ್ತಿದ್ದರು. ಅಂಥದೊಂದನ್ನು ಗೆಳೆಯನಿಗೆ ಓದಲು ಕೊಟ್ಟ, ಗೆಳೆಯ ಅದನ್ನು ಸುರಂಗ ರೈಲಿನಲ್ಲಿ ಮರೆತುಬಿಟ್ಟ. 2004ರ ಆರಂಭದಲ್ಲಿ ಇಬ್ಬರೂ ಟುಮೆನ್ ದಾಟಿ ಓಡಿದರು. ಸೋಲ್ ತಲುಪಿದ್ದು ಒಬ್ಬನೇ. ಬಡವರ ಕಥನಗಳಲ್ಲಿ ಸಿಗದ ಒಂದು ಸಂಗತಿ ಇಂಥವರ ಪುಸ್ತಕಗಳಲ್ಲಿ ಸಿಗುತ್ತದೆ: ಸುಳ್ಳನ್ನು ತಯಾರಿಸುವ ಕಚೇರಿ ಹೇಗಿರುತ್ತದೆ, ಅಲ್ಲಿ ಮೇಜು ಯಾರದು, ಸಹಿ ಯಾರದು ಎಂಬ ವಿವರ.

ದಕ್ಷಿಣಕ್ಕೆ ಬಂದವರು ತಮ್ಮ ಕಥೆಯನ್ನು ಮೊದಲು ಹೇಳುವುದು ಗುಪ್ತಚರ ಅಧಿಕಾರಿಗಳ ಮುಂದೆ. ಗೂಢಚಾರರು ಸೇರಿಕೊಂಡಾರೆಂಬ ಶಂಕೆಯಿಂದ ಪ್ರತಿಯೊಬ್ಬರನ್ನೂ ವಾರಗಟ್ಟಲೆ ಪ್ರಶ್ನಿಸುತ್ತಾರೆ. ಊರಿನ ನಕ್ಷೆ ಬರೆಸುತ್ತಾರೆ, ಶಾಲೆಯ ಹೆಸರು, ಬೀದಿ, ಮೇಷ್ಟರ ಹೆಸರು ಕೇಳುತ್ತಾರೆ. ಈ ಸಾಹಿತ್ಯದ ಮೊದಲ ಕರಡು ವಿಚಾರಣೆಯ ಕೋಣೆಯಲ್ಲಿ ಸಿದ್ಧವಾಗುತ್ತದೆ ಎಂಬುದನ್ನು ಓದುವಾಗ ಮರೆಯಬಾರದು. ಅನಂತರ ‘ಹನವೊನ್’ ಎಂಬ ಕೇಂದ್ರದಲ್ಲಿ ಸುಮಾರು ಮೂರು ತಿಂಗಳ ತರಬೇತಿ. 1999ರಲ್ಲಿ ಆನ್‌ಸೊಂಗ್‌ನಲ್ಲಿ ತೆರೆದ ಈ ಕೇಂದ್ರದಲ್ಲಿ ಬ್ಯಾಂಕ್ ಕಾರ್ಡ್ ಬಳಸುವುದರಿಂದ ಹಿಡಿದು ಸುರಂಗ ರೈಲು ಹತ್ತುವುದರವರೆಗೆ ಕಲಿಸುತ್ತಾರೆ. ಭಾಷೆ ಒಂದೇ ಆದರೂ ದಕ್ಷಿಣದ ಮಾತಿನಲ್ಲಿ ತುಂಬಿರುವ ಇಂಗ್ಲಿಷ್ ಪದಗಳು ಅವರಿಗೆ ಅರ್ಥವಾಗುವುದಿಲ್ಲ. ಬಾಯಿ ತೆರೆದರೆ ಉಚ್ಚಾರದಿಂದಲೇ ಗುರುತು ಸಿಕ್ಕಿ ಕೆಲಸ ತಪ್ಪುವುದುಂಟು. ಗಳಿಸಿದ್ದರಲ್ಲಿ ಒಂದಷ್ಟನ್ನು ಹಲವರು ದಲ್ಲಾಳಿಗಳ ಮೂಲಕ ಊರಿಗೆ ಕಳಿಸುತ್ತಾರೆ. ನೂರಕ್ಕೆ ಮೂವತ್ತರಷ್ಟು ನಡುವಿನವರ ಪಾಲಾಗುತ್ತದೆ. ಹಣ ಮುಟ್ಟಿತೆಂದು ತಿಳಿಯುವುದು ಗಡಿಯ ಬಳಿ ಸಿಗುವ ಚೀನಾದ ಮೊಬೈಲ್ ತರಂಗದಲ್ಲಿ, ಒಂದೆರಡು ನಿಮಿಷದ ಪಿಸುಮಾತಿನಿಂದ. ಬಿಟ್ಟುಬಂದವರ ಬಗೆಗಿನ ಪಾಪಭಾವ ಈ ಪುಸ್ತಕಗಳಲ್ಲಿ ಹಸಿವಿಗಿಂತ ಹೆಚ್ಚು ಪುಟಗಳನ್ನು ತೆಗೆದುಕೊಳ್ಳುತ್ತದೆ. ಅವಸರದ ಓದುಗರು ಹಾರಿಸಿ ಓದುವ ಈ ಭಾಗಗಳಲ್ಲೇ ಲೇಖಕರ ನಿಜವಾದ ದನಿ ಇದೆ.

ಇನ್ನು ಸತ್ಯದ ಪ್ರಶ್ನೆ. ಶಿನ್ ಡೊಂಗ್‌ಹ್ಯುಕ್ ಎಂಬ ಯುವಕನ ಕಥೆಯನ್ನು ಅಮೆರಿಕದ ಪತ್ರಕರ್ತ ಬ್ಲೇನ್ ಹಾರ್ಡನ್ 2012ರಲ್ಲಿ ‘ಎಸ್ಕೇಪ್ ಫ್ರಂ ಕ್ಯಾಂಪ್ 14’ ಎಂಬ ಪುಸ್ತಕವಾಗಿ ಬರೆದ. ಸೆರೆಶಿಬಿರದೊಳಗೇ ಹುಟ್ಟಿ, ಅಲ್ಲಿಂದ ತಪ್ಪಿಸಿಕೊಂಡ ಒಬ್ಬನೇ ಮನುಷ್ಯ ಎಂದು ಅವನು ಜಗತ್ಪ್ರಸಿದ್ಧನಾದ. 2014ರಲ್ಲಿ ಉತ್ತರ ಕೊರಿಯಾ ಅವನ ತಂದೆಯನ್ನು ವಿಡಿಯೊದಲ್ಲಿ ಕೂರಿಸಿ ಮಗ ಹೇಳಿದ್ದು ಸುಳ್ಳೆಂದು ಹೇಳಿಸಿತು. 2015ರ ಜನವರಿಯಲ್ಲಿ ಶಿನ್ ತಾನೇ ಒಪ್ಪಿಕೊಂಡ: ಕಥೆಯ ಕೆಲವು ಭಾಗಗಳು ಹೇಳಿದ ಹಾಗೆ ನಡೆದದ್ದಲ್ಲ. ಬದುಕಿನ ಒಂದು ಭಾಗ ಕಳೆದದ್ದು ಹದಿನಾಲ್ಕನೆಯ ಶಿಬಿರದ ಪಕ್ಕದ ನದಿಯ ಆಚೆ ದಡದ ಹದಿನೆಂಟನೆಯ ಶಿಬಿರದಲ್ಲಿ; ಚಿತ್ರಹಿಂಸೆ ನಡೆದ ವಯಸ್ಸು ಬೇರೆ; ಹಿಂದೆಯೂ ತಪ್ಪಿಸಿಕೊಂಡು ಸಿಕ್ಕಿಬಿದ್ದದ್ದುಂಟು. ಮೈಮೇಲಿನ ಗಾಯಗಳು ಮಾತ್ರ ಎಲ್ಲರಿಗೂ ಕಾಣುವಂತಿದ್ದವು. ಹಾರ್ಡನ್ ಪುಸ್ತಕಕ್ಕೆ ಹೊಸ ಮುನ್ನುಡಿ ಸೇರಿಸಿದ.

ಇದನ್ನು ಬರೀ ಮೋಸವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಘೋರ ನೋವು ಅನುಭವಿಸಿದವರ ನೆನಪಿನಲ್ಲಿ ನಡೆದ ಸಂಗತಿ ಉಳಿಯುತ್ತದೆ, ತಾರೀಖು ಅಳಿಯುತ್ತದೆ. ಊರಲ್ಲಿ ಉಳಿದವರನ್ನು ಕಾಪಾಡಬೇಕಾದ್ದರಿಂದ ಹೆಸರು, ಸ್ಥಳಗಳನ್ನು ಬೇಕೆಂದೇ ಬದಲಿಸಬೇಕಾಗುತ್ತದೆ. ನಾಚಿಕೆಯ ಸಂಗತಿಗಳನ್ನು, ಅದರಲ್ಲೂ ತನ್ನವರಿಗೆ ತಾನೇ ಮಾಡಿದ ದ್ರೋಹವನ್ನು, ಒಮ್ಮೆಲೇ ಹೇಳಲಾಗುವುದಿಲ್ಲ. ಹಲವು ಪುಸ್ತಕಗಳು ಮೊದಲು ಬಂದದ್ದು ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ. ಹೇಳಿದವರ ಮಾತು ದುಭಾಷಿಯ ಬಾಯಿಂದ, ಸಹಲೇಖಕರ ಕೈಯಿಂದ ದಾಟಿ ಬರುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಕೇಳುವವರ ಹಸಿವು. ಸಾಧಾರಣ ಸಂಕಟಕ್ಕೆ ಕಿವಿಗೊಡದ ಪ್ರಕಾಶಕರು, ದೂರದರ್ಶನದವರು ಇನ್ನೂ ಭೀಕರವಾದದ್ದನ್ನು ಕೇಳಿದರು. ಸಂದರ್ಶನಕ್ಕೆ ಹಣ ಕೊಡುವ ರೂಢಿಯೂ ಬೆಳೆಯಿತು. ದಕ್ಷಿಣದ ಒಂದು ಖಾಸಗಿ ವಾಹಿನಿ 2011ರಿಂದ ತಪ್ಪಿಸಿಕೊಂಡು ಬಂದ ಹೆಂಗಸರನ್ನು ಸಾಲಾಗಿ ಕೂರಿಸಿ ಮಾತು, ಹಾಡು, ಕಣ್ಣೀರು ಬೆರೆಸಿದ ಕಾರ್ಯಕ್ರಮ ನಡೆಸಿತು. ದಿನವೂ ಇಲಿ ಹಿಡಿಯುವ ಹುಡುಗನ ಕಥೆಗಿಂತ ಬೇಲಿಯ ವಿದ್ಯುತ್ತಿನಲ್ಲಿ ಉರಿದವನ ಕಥೆಗೆ ಬೆಲೆ ಹೆಚ್ಚಾದಾಗ ನೆನಪಿನ ಮೇಲೆ ಬೀಳುವ ಒತ್ತಡ ಸಣ್ಣದಲ್ಲ.

ಈ ನೆನಪುಗಳನ್ನು ಒರೆಗೆ ಹಚ್ಚುವ ದಾರಿಗಳೂ ಇವೆ. ಡೇವಿಡ್ ಹಾಕ್ ಎಂಬ ಸಂಶೋಧಕ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶಿಬಿರಗಳ ಉಪಗ್ರಹ ಚಿತ್ರಗಳನ್ನು ಹಳೆಯ ಕೈದಿಗಳ ಮುಂದಿಟ್ಟು ಗುರುತು ಮಾಡಿಸಿದ. ಕಾವಲುಗಾರರ ಮನೆ, ಗಣಿಯ ಬಾಯಿ, ಶಾಲೆ, ಮರಣದಂಡನೆಯ ಬಯಲುಗಳನ್ನು ಅವರು ಒಂದೊಂದಾಗಿ ತೋರಿಸಿದರು. ಪರಸ್ಪರ ಪರಿಚಯವಿಲ್ಲದವರು ಒಂದೇ ಕಟ್ಟಡಕ್ಕೆ ಒಂದೇ ಹೆಸರು ಹೇಳಿದರೆ ಅದು ಬಲವಾದ ಸಾಕ್ಷ್ಯ. 2013ರಲ್ಲಿ ವಿಶ್ವಸಂಸ್ಥೆ ಆಸ್ಟ್ರೇಲಿಯಾದ ನಿವೃತ್ತ ನ್ಯಾಯಮೂರ್ತಿ ಮೈಕೇಲ್ ಕರ್ಬಿ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ತನಿಖಾ ಆಯೋಗ ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ 80ಕ್ಕೂ ಹೆಚ್ಚು ಮಂದಿಯ ಹೇಳಿಕೆಯನ್ನು ಬಹಿರಂಗವಾಗಿ ಪಡೆಯಿತು. 240ರಷ್ಟು ಸಂದರ್ಶನಗಳನ್ನು ಗುಟ್ಟಾಗಿ ನಡೆಸಿತು. ಉತ್ತರ ಕೊರಿಯಾ ಒಳಗೆ ಬಿಡಲಿಲ್ಲ. 2014ರ ಫೆಬ್ರವರಿಯ ವರದಿ ಅಲ್ಲಿ ನಡೆಯುತ್ತಿರುವುದು ಮಾನವತೆಯ ವಿರುದ್ಧದ ಅಪರಾಧಗಳು ಎಂದು ಹೇಳಿ, ರಾಜಕೀಯ ಕೈದಿಗಳ ಸಂಖ್ಯೆಯನ್ನು 80,000ದಿಂದ 1,20,000 ಎಂದು ಅಂದಾಜಿಸಿತು. ಶಿನ್ ಹೇಳಿಕೆ ಬದಲಿಸಿದಾಗ ಆ ವರದಿ ಕುಸಿಯದೆ ನಿಂತದ್ದು, ಅದು ಒಬ್ಬನ ನೆನಪಿನ ಮೇಲೆ ನಿಂತಿರಲಿಲ್ಲವಾದ್ದರಿಂದ.

ಸಾಕ್ಷಿಗಳ ಹಂಚಿಕೆಯಲ್ಲಿ ಒಂದು ವಾಲು ಇದೆ. ಬಂದವರಲ್ಲಿ ಬಹುಪಾಲು ಗಡಿಗೆ ತಾಗಿದ ಉತ್ತರ ಹಂಗ್ಯೊಂಗ್ ಮತ್ತು ರ್‍ಯಾಂಗಾಂಗ್ ಪ್ರಾಂತ್ಯಗಳವರು. ರಾಜಧಾನಿಯವರು ಕಡಿಮೆ, ನೈರುತ್ಯದ ಬತ್ತದ ಬಯಲಿನ ರೈತರು ಇನ್ನೂ ಕಡಿಮೆ. ಪುಸ್ತಕಗಳಿಂದ ಸಿಗುವುದು ಹೆಚ್ಚಾಗಿ ಬೆಟ್ಟದ, ಬಡತನದ, ಚೀನಾಕ್ಕೆ ಕಿವಿಗೊಟ್ಟ ಊರುಗಳ ಚಿತ್ರ. 2009ರಲ್ಲಿ 2,914 ಮಂದಿ ದಕ್ಷಿಣಕ್ಕೆ ಬಂದಿದ್ದರು. ಅದೇ ಈವರೆಗಿನ ಅತಿ ಹೆಚ್ಚು. ಕಿಮ್ ಜಾಂಗ್ ಉನ್ ಬಂದ ಮೇಲೆ ಗಡಿ ಬಿಗಿಯಾಯಿತು. 2020ರ ಜನವರಿಯಲ್ಲಿ ಸೋಂಕಿನ ಹೆಸರಲ್ಲಿ ಗಡಿ ಪೂರ್ತಿ ಮುಚ್ಚಿತು; ಆಮೇಲೆ ಹತ್ತಿರ ಬಂದವರಿಗೆ ಗುಂಡಿಕ್ಕುವ ಆಜ್ಞೆಯಾಯಿತು, ಹೊಸ ಬೇಲಿಗಳೆದ್ದವು. 2019ರಲ್ಲಿ 1,047 ಇದ್ದ ಸಂಖ್ಯೆ 2021ರಲ್ಲಿ 63ಕ್ಕೆ ಇಳಿಯಿತು, 2024ರಲ್ಲಿ 236. ಅವರಲ್ಲೂ ಹಲವರು ವರ್ಷಗಳ ಹಿಂದೆಯೇ ದೇಶ ಬಿಟ್ಟು ಚೀನಾದಲ್ಲೋ ಬೇರೆ ದೇಶದಲ್ಲೋ ಇದ್ದವರು. 2020ರ ಕೊನೆಯಲ್ಲಿ ಬಂದ ಹೊಸ ಕಾನೂನು ದಕ್ಷಿಣದ ಧಾರಾವಾಹಿ ನೋಡಿದವರಿಗೆ ವರ್ಷಗಟ್ಟಲೆ ಸೆರೆ, ಹಂಚಿದವರಿಗೆ ಮರಣದಂಡನೆಯವರೆಗೆ ಶಿಕ್ಷೆ ಇಟ್ಟಿತು. ಇತ್ತ ಸೋಲ್‌ನಲ್ಲಿ, ತಪ್ಪಿಸಿಕೊಂಡು ಬಂದವರೇ 2004ರಲ್ಲಿ ಆರಂಭಿಸಿದ ಫ್ರೀ ನಾರ್ತ್ ಕೊರಿಯಾ ರೇಡಿಯೊ, ಮುಳ್ಳು ತಿರುಗಿಸಿಕೊಂಡು ಕತ್ತಲಲ್ಲಿ ಕೇಳುವವರಿಗಾಗಿ ಅವರದೇ ಉಚ್ಚಾರದಲ್ಲಿ ಮಾತಾಡತೊಡಗಿತು.

ಕಾಗದವೇ ದಾಟಿ ಬಂದ ಪ್ರಸಂಗ ಒಂದಿದೆ. ಸೋಲ್‌ನಲ್ಲಿ 2014ರಲ್ಲಿ ಒಂದು ಕಥಾಸಂಗ್ರಹ ಪ್ರಕಟವಾಯಿತು. ಲೇಖಕನ ಗುಪ್ತನಾಮ ಬಂಡಿ. ಕೊರಿಯನ್ ಭಾಷೆಯಲ್ಲಿ ಮಿಣುಕುಹುಳು ಎಂದರ್ಥ. ಇಂಗ್ಲಿಷಿನಲ್ಲಿ ಅದು ‘ದಿ ಅಕ್ಯೂಸೇಷನ್’ ಎಂಬ ಹೆಸರಿನಿಂದ 2017ರಲ್ಲಿ ಬಂತು. ಒರಟು ಕಾಗದದ ಮೇಲೆ ಕೈಯಲ್ಲಿ ಬರೆದ ಆ ಏಳು ಕಥೆಗಳ ಹಸ್ತಪ್ರತಿಯನ್ನು ಕಿಮ್ ಇಲ್ ಸುಂಗ್‌ನ ಕೃತಿಗಳ ಪುಸ್ತಕಗಳ ನಡುವೆ ಅಡಗಿಸಿ ಗಡಿ ದಾಟಿಸಿದರೆಂದು ಪ್ರಕಟಿಸಿದವರು ಹೇಳುತ್ತಾರೆ. ಅವರ ಪ್ರಕಾರ, ಪುಸ್ತಕ ಬಂದಾಗ ಅದನ್ನು ಬರೆದವನು ಇನ್ನೂ ಉತ್ತರ ಕೊರಿಯಾದಲ್ಲೇ ಇದ್ದ.